ಗುಣ ಆಯ್ತು ಸರಿ, ಯಾವುದಕ್ಕಿಂತ?

ಸೊಂಟನೋವಿಗೆ ಅಕ್ಯುಪಂಕ್ಚರ್, ಅಂದರೆ ಮೈಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ, ಮಾಡಿಸಿಕೊಂಡವರನ್ನು ಮಾತಾಡಿಸಿ ನೋಡಿ. "ಈಗ ಎಷ್ಟೋ ವಾಸಿ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ನೋವು ನಿಜಕ್ಕೂ ಇಳಿದಿದೆ. ಆದರೆ ಇಳಿಸಿದ್ದು ಯಾವುದು? ಸೂಜಿಯಾ? ಅರ್ಧ ಗಂಟೆ ಏನೂ ಮಾಡದೆ ಮಲಗಿದ್ದಾ? ಮೈ ಮುಟ್ಟಿ, ಸಮಾಧಾನವಾಗಿ ಮಾತಾಡಿಸಿದ ಚಿಕಿತ್ಸಕರಾ? ಇಲ್ಲಾ, ಯಾರೂ ಏನೂ ಮಾಡದಿದ್ದರೂ ಅಷ್ಟು ದಿನಕ್ಕೆ ತಾನಾಗಿ ಇಳಿಯುತ್ತಿದ್ದ ನೋವಾ?

ಈ ಕೊನೆಯ ಪ್ರಶ್ನೆ ಸಣ್ಣದೇನಲ್ಲ. ನೋವು ಏರುತ್ತದೆ, ಇಳಿಯುತ್ತದೆ. ಇನ್ನು ತಡೆಯೋಕೇ ಆಗಲ್ಲ ಅನ್ನಿಸಿದ ದಿನ ನಾವು ಚಿಕಿತ್ಸೆ ಹುಡುಕಿಕೊಂಡು ಹೋಗುತ್ತೇವೆ. ಅಂದರೆ ನೋವು ತುದಿ ಮುಟ್ಟಿದಾಗ. ಅಲ್ಲಿಂದ ಮುಂದೆ ಅದು ಇಳಿಯುವ ಸಾಧ್ಯತೆಯೇ ಜಾಸ್ತಿ. ಆ ಹೊತ್ತಿಗೆ ಸಿಕ್ಕಿದ್ದು ಎಣ್ಣೆಯಾಗಲಿ, ಮಾತ್ರೆಯಾಗಲಿ, ಸೂಜಿಯಾಗಲಿ, ಹೆಸರು ಅದಕ್ಕೇ ಹೋಗುತ್ತದೆ.

ಹಾಗಾಗಿ "ಗುಣ ಆಯ್ತು" ಅಂದ ತಕ್ಷಣ ಸಂಶೋಧಕರು ಮೊದಲು ಕೇಳೋದು ಒಂದೇ ಮಾತು: ಯಾವುದಕ್ಕಿಂತ? ಅಕ್ಯುಪಂಕ್ಚರ್, ಯೋಗ, ಧ್ಯಾನದಂಥ ಪೂರಕ ಚಿಕಿತ್ಸೆಗಳ ಮೇಲೆ ನಡೆದಿರುವ ಸಂಶೋಧನೆ ಹೊರಗಿನಿಂದ ನೋಡಿದರೆ ಗೊಂದಲದ ಗೂಡು. ಒಂದು ದಿನ "ಕೆಲಸ ಮಾಡುತ್ತೆ" ಅಂತ ಸುದ್ದಿ, ಇನ್ನೊಂದು ದಿನ "ಎಲ್ಲಾ ಬರೀ ಭ್ರಮೆ" ಅಂತ ಸುದ್ದಿ. ಈ ಒಂದು ಪ್ರಶ್ನೆ ಹಿಡಿದುಕೊಂಡು ಒಳಗೆ ಹೋದರೆ ಅರ್ಧಕ್ಕರ್ಧ ಗೊಂದಲ ಬಿಡಿಸಿಕೊಳ್ಳುತ್ತದೆ.

ಜರ್ಮನಿಯಲ್ಲಿ ನಡೆದ ಒಂದು ದೊಡ್ಡ ಪ್ರಯೋಗ ನೋಡೋಣ. 2007ರಲ್ಲಿ ಪ್ರಕಟವಾಯಿತು. ವರ್ಷಗಟ್ಟಲೆ ಸೊಂಟನೋವು ಅನುಭವಿಸಿದ್ದ 1162 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚೀನೀ ಪದ್ಧತಿಯ ಅಕ್ಯುಪಂಕ್ಚರ್. ಇನ್ನೊಂದಕ್ಕೆ ನಕಲಿ ಅಕ್ಯುಪಂಕ್ಚರ್, ಅಂದರೆ ಆ ಪದ್ಧತಿ ಹೇಳುವ ಬಿಂದುಗಳನ್ನು ಬಿಟ್ಟು ಬೇರೆ ಕಡೆ ಮೇಲೆ ಮೇಲೆ ಚುಚ್ಚಿದ ಸೂಜಿ. ಮೂರನೆಯದಕ್ಕೆ ಎಂದಿನ ಔಷಧಿ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳ ನಂತರ ಎಷ್ಟು ಜನಕ್ಕೆ ಚೆನ್ನಾಗಿ ಸುಧಾರಿಸಿತ್ತು ಅಂತ ಎಣಿಸಿದರು. ಅಸಲಿ ಸೂಜಿಯವರಲ್ಲಿ ಶೇ. 47.6. ನಕಲಿ ಸೂಜಿಯವರಲ್ಲಿ ಶೇ. 44.2. ಎಂದಿನ ಚಿಕಿತ್ಸೆಯವರಲ್ಲಿ ಶೇ. 27.4.

ಈ ಮೂರು ಅಂಕಿಗಳನ್ನು ಇಟ್ಟುಕೊಂಡು ಎರಡು ತಲೆಬರಹ ಬರೆಯಬಹುದು. "ಅಕ್ಯುಪಂಕ್ಚರ್ ಎಂದಿನ ಚಿಕಿತ್ಸೆಗಿಂತ ಎಷ್ಟೋ ಮೇಲು" ಅನ್ನೋದು ಒಂದು. "ಅಸಲಿ ಅಕ್ಯುಪಂಕ್ಚರ್‌ಗೂ ನಕಲಿಗೂ ವ್ಯತ್ಯಾಸವೇ ಇಲ್ಲ" ಅನ್ನೋದು ಇನ್ನೊಂದು. ಎರಡೂ ಸುಳ್ಳಲ್ಲ. ಪಕ್ಕದಲ್ಲಿ ಯಾವುದನ್ನು ಇಟ್ಟು ನೋಡಿದಿರಿ ಅನ್ನೋದಷ್ಟೇ ಬೇರೆ. ಸೂಜಿಯನ್ನು ಯಾವ ಬಿಂದುವಿಗೆ ಚುಚ್ಚಬೇಕು ಅನ್ನುವ ಸಿದ್ಧಾಂತಕ್ಕೆ ಈ ಪ್ರಯೋಗದಿಂದ ಬಲ ಸಿಗಲಿಲ್ಲ. ಆದರೆ ಸೂಜಿ ಚುಚ್ಚುವ ಇಡೀ ಪ್ರಸಂಗ ಇದೆಯಲ್ಲ, ಅದರಿಂದ ನೋವಿನ ಜನಕ್ಕೆ ಏನೋ ಒಂದು ಸಿಕ್ಕಿದ್ದಂತೂ ಹೌದು. ಮೂರನೆಯ ಗುಂಪಿನವರ ಸ್ಥಿತಿಯನ್ನೂ ಮರೆಯಬಾರದು. ಹಳೇ ಚಿಕಿತ್ಸೆ ಮಾಡಿಸಿ ಸಾಕಾಗಿದ್ದವರಿಗೆ ಮತ್ತೆ ಅದೇ ಸಿಕ್ಕಿತು, ಅದು ಅವರಿಗೆ ಗೊತ್ತೂ ಇತ್ತು. ಆ ನಿರಾಸೆಯೂ ಅಂಕಿಯಲ್ಲಿ ಸೇರಿಕೊಂಡಿರಬಹುದು.

ಇಲ್ಲಿ ಪದಗಳನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ಎಂದಿನ ಚಿಕಿತ್ಸೆಯ ಜೊತೆಗೆ ಯೋಗವನ್ನೋ ಮಸಾಜನ್ನೋ ಧ್ಯಾನವನ್ನೋ ಸೇರಿಸಿಕೊಂಡರೆ ಅದು ಪೂರಕ ಚಿಕಿತ್ಸೆ. ಎಂದಿನ ಚಿಕಿತ್ಸೆ ಬಿಟ್ಟು ಇದನ್ನೇ ಹಿಡಿದರೆ ಅದು ಬದಲಿ ಚಿಕಿತ್ಸೆ. ಡಾಕ್ಟರು, ಫಿಸಿಯೋಥೆರಪಿಸ್ಟು, ಯೋಗ ಶಿಕ್ಷಕರು ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿದ್ದು, ಕೂಡಿ ನೋಡಿಕೊಂಡರೆ ಅದು ಸಂಯೋಜಿತ ಚಿಕಿತ್ಸೆ. ಅಮೆರಿಕದ ಸರ್ಕಾರಿ ಸಂಶೋಧನಾ ಕೇಂದ್ರವೊಂದರ ಹೆಸರು ಬದಲಾದ ಬಗೆಯಲ್ಲೇ ಈ ವ್ಯತ್ಯಾಸ ಕಾಣುತ್ತದೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯೊಳಗೆ 20 ಲಕ್ಷ ಡಾಲರ್ ಹಣದಲ್ಲಿ 1992ರಲ್ಲಿ ಒಂದು ಸಣ್ಣ ಕಚೇರಿ ಶುರುವಾಯಿತು. ಹೆಸರಲ್ಲಿ ಇದ್ದದ್ದು "ಬದಲಿ ಚಿಕಿತ್ಸೆ" ಮಾತ್ರ. 1998ರಲ್ಲಿ ಅದು ಕೇಂದ್ರವಾದಾಗ "ಪೂರಕ ಮತ್ತು ಬದಲಿ" ಅಂತಾಯಿತು. 2014ರಲ್ಲಿ "ಪೂರಕ ಮತ್ತು ಸಂಯೋಜಿತ ಆರೋಗ್ಯ" ಅಂತ ಮಾಡಿದರು. "ಬದಲಿ" ಅನ್ನುವ ಪದ ಬಿಟ್ಟೇ ಹೋಯಿತು. ಈಗ ಆ ಇಂಗ್ಲಿಷ್ ಹೆಸರನ್ನು ಚಿಕ್ಕದು ಮಾಡಿ ಎನ್‌ಸಿಸಿಐಎಚ್ ಅನ್ನುತ್ತಾರೆ. 2021ರಿಂದ 2025ರ ತನಕದ ತನ್ನ ಯೋಜನೆಯಲ್ಲಿ ಅದು ಇಡೀ ಮನುಷ್ಯನ ಆರೋಗ್ಯವನ್ನೇ ಸಂಶೋಧನೆಯ ಗುರಿ ಮಾಡಿಕೊಂಡಿತು.

ಈಗ ಮತ್ತೆ ಸೂಜಿಗೆ ಬರೋಣ. ನಕಲಿ ಮಾತ್ರೆ ಮಾಡೋದು ಸುಲಭ. ಒಂದೇ ಬಣ್ಣ, ಒಂದೇ ಆಕಾರ, ಒಳಗೆ ಔಷಧಿ ಇಲ್ಲ ಅಷ್ಟೇ. ನಕಲಿ ಸೂಜಿ ಹೇಗೆ ಮಾಡ್ತೀರಿ? ಚುಚ್ಚಿದ್ದು ಗೊತ್ತಾಗುತ್ತಲ್ವಾ? ಇದಕ್ಕೆ ಜರ್ಮನಿಯ ಸಂಶೋಧಕರೇ ಒಂದು ಉಪಾಯ ಮಾಡಿ 1998ರಲ್ಲಿ ಪ್ರಕಟಿಸಿದರು. ನಾಟಕದಲ್ಲಿ ಹೊಟ್ಟೆಗೆ ಚುಚ್ಚಿದ ಚಾಕು ಹಿಡಿಯೊಳಗೆ ಸರಿದುಹೋಗುತ್ತದಲ್ಲ, ಅದೇ ತಂತ್ರ. ಸೂಜಿಯ ಮೊನೆ ಮೊಂಡು. ಚರ್ಮಕ್ಕೆ ತಾಗಿದಾಗ ಚುರುಕ್ ಅನ್ನಿಸುತ್ತದೆ. ಒತ್ತಿದರೆ ಸೂಜಿ ಒಳಗೆ ಹೋಗದೆ ತನ್ನ ಹಿಡಿಯೊಳಗೇ ಜಾರಿಕೊಳ್ಳುತ್ತದೆ. ಚರ್ಮದ ಮೇಲೆ ಪ್ಲಾಸ್ಟರ್ ಸುತ್ತಿದ ಪುಟ್ಟ ಬಳೆಯೊಂದು ಅದನ್ನು ಬೀಳದ ಹಾಗೆ ಹಿಡಿದಿರುತ್ತದೆ. ಮಲಗಿದವರಿಗೆ ಸೂಜಿ ಗಿಡ್ಡವಾದದ್ದು ಕಾಣುತ್ತದೆ, ಒಳಗೆ ಹೋಯಿತು ಅಂತಲೇ ಅಂದುಕೊಳ್ಳುತ್ತಾರೆ. ಒಂದು ಸಣ್ಣ ಪ್ರಶ್ನೆಗೆ ಉತ್ತರ ಹುಡುಕೋಕೆ ಜನ ಇಷ್ಟು ತಲೆ ಓಡಿಸಿದ್ದಾರೆ ಅನ್ನೋದು ನನಗೆ ತುಂಬಾ ಖುಷಿ ಕೊಡುವ ವಿಷಯ.

ಯೋಗಕ್ಕೆ ಈ ಉಪಾಯವೂ ನಡೆಯಲ್ಲ. ನಕಲಿ ಯೋಗ ಅಂತ ಒಂದಿಲ್ಲ. ಮಾಡಿದವರಿಗೆ ಮಾಡಿದ್ದು ಗೊತ್ತು. ಆಗ ದಾರಿ ಒಂದೇ, ಈಗಾಗಲೇ ನಂಬಿಕೆ ಗಳಿಸಿರುವ ಇನ್ನೊಂದು ಚಿಕಿತ್ಸೆಯನ್ನು ಎದುರಿಗೆ ನಿಲ್ಲಿಸೋದು. ಬಾಸ್ಟನ್ನಿನಲ್ಲಿ 320 ಜನ ಸೊಂಟನೋವಿನವರ ಮೇಲೆ ಹೀಗೆ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ 12 ವಾರ ಯೋಗ ತರಗತಿ, ಕೆಲವರಿಗೆ ಫಿಸಿಯೋಥೆರಪಿ, ಉಳಿದವರಿಗೆ ಸೊಂಟನೋವಿನ ಬಗ್ಗೆ ತಿಳಿವಳಿಕೆ ಕೊಡುವ ಪುಸ್ತಕ. ಯೋಗ ಫಿಸಿಯೋಥೆರಪಿಗಿಂತ ಕಡಿಮೆಯೇನಲ್ಲ ಅಂತ ತೋರಿತು. ಪುಸ್ತಕದವರಿಗೆ ಹೋಲಿಸಿದರೆ ಇವೆರಡೂ ಗುಂಪಿನಲ್ಲಿ ನೋವಿನ ಮಾತ್ರೆ ನುಂಗುವವರು ಕಡಿಮೆಯಾಗಿದ್ದರು. ಅದೇ ವರ್ಷ ಅಮೆರಿಕದ ವೈದ್ಯರ ಸಂಘವೊಂದು, ಅಂದರೆ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್, ಹಳೇ ಸೊಂಟನೋವಿಗೆ ಮೊದಲು ಮಾತ್ರೆಯಿಲ್ಲದ ದಾರಿಗಳನ್ನೇ ನೋಡಿ ಅಂತ ವೈದ್ಯರಿಗೆ ಸಲಹೆ ಕೊಟ್ಟಿತು. ವ್ಯಾಯಾಮ, ಯೋಗ, ತಾಯ್ ಚಿ ಅನ್ನುವ ಚೀನಾದ ನಿಧಾನಗತಿಯ ವ್ಯಾಯಾಮ, ಮೈಂಡ್‌ಫುಲ್‌ನೆಸ್ ಅನ್ನುವ ಧ್ಯಾನ, ಅಕ್ಯುಪಂಕ್ಚರ್ ಎಲ್ಲವೂ ಆ ಪಟ್ಟಿಯಲ್ಲಿ ಇದ್ದವು.

"ಕಡಿಮೆಯೇನಲ್ಲ" ಅನ್ನುವ ಮಾತನ್ನು ಸ್ವಲ್ಪ ಹುಷಾರಾಗಿ ಓದಬೇಕು. ಆತಂಕದ ಕಾಯಿಲೆ ಇದ್ದ 276 ಜನರ ಒಂದು ಪ್ರಯೋಗ ಇದೆ. ಅರ್ಧ ಜನಕ್ಕೆ ಎಸಿಟಾಲೋಪ್ರಾಮ್ ಅನ್ನುವ ಮಾತ್ರೆ. ಇನ್ನರ್ಧಕ್ಕೆ 8 ವಾರದ ಮೈಂಡ್‌ಫುಲ್‌ನೆಸ್ ತರಬೇತಿ, 1979ರಲ್ಲಿ ಜಾನ್ ಕಬಾಟ್-ಜಿನ್ ಮ್ಯಾಸಚೂಸೆಟ್ಸಿನಲ್ಲಿ ಶುರು ಮಾಡಿದ ಮಾದರಿಯದ್ದು. ಎರಡೂ ಕಡೆ ಆತಂಕ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಇಳಿಯಿತು. ಏನಾದರೂ ಒಂದು ತೊಂದರೆ ಆಯಿತು ಅಂತ ಹೇಳಿದವರು ಮಾತ್ರೆಯ ಕಡೆ ಶೇ. 78.6, ಧ್ಯಾನದ ಕಡೆ ಶೇ. 15.4. ಕೇಳೋಕೆ ತುಂಬಾ ಚೆನ್ನಾಗಿದೆ. ಆದರೆ ಧ್ಯಾನ ಅಂದರೆ ಇಲ್ಲಿ ವಾರಕ್ಕೊಂದು ಎರಡೂವರೆ ಗಂಟೆಯ ತರಗತಿ, ಮನೆಯಲ್ಲಿ ದಿನಾ 45 ನಿಮಿಷ ಅಭ್ಯಾಸ. ಎರಡರಲ್ಲಿ ಯಾವುದು ಸಿಕ್ಕಿದರೂ ಸರಿ ಅಂದವರು ಮಾತ್ರ ಸೇರಿಕೊಂಡಿದ್ದರು. ಏನೂ ಕೊಡದ ಮೂರನೇ ಗುಂಪು ಅಲ್ಲಿ ಇರಲಿಲ್ಲ. ಇದನ್ನು ಓದಿ ಮಾತ್ರೆಯ ಮೇಲಿರುವ ಯಾರೂ ನಾಳೆಯಿಂದ ಮಾತ್ರೆ ನಿಲ್ಲಿಸಬಾರದು. ಈ ಪ್ರಯೋಗ ಆ ಪ್ರಶ್ನೆಯನ್ನು ಕೇಳೇ ಇಲ್ಲ.

ಇನ್ನು ಪ್ಲಸೀಬೊ. ಔಷಧಿ ಇಲ್ಲದ ಮಾತ್ರೆಯಿಂದಲೂ ಜನಕ್ಕೆ ವಾಸಿ ಅನ್ನಿಸೋದಕ್ಕೆ ಈ ಹೆಸರು. "ಅಯ್ಯೋ, ಅದು ಬರೀ ಮನಸ್ಸಿನ ಆಟ" ಅಂತ ತಳ್ಳಿಹಾಕುವವರಿದ್ದಾರೆ. ನೋವಿನ ವಿಷಯದಲ್ಲಿ ಅದು ಅಷ್ಟು ಸಸಾರ ಅಲ್ಲ. 1978ರಲ್ಲಿ ಬುದ್ಧಿಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಪ್ರಯೋಗ ಆಯಿತು. ಪ್ಲಸೀಬೊದಿಂದ ನೋವು ಇಳಿದಿದ್ದವರಿಗೆ ನಾಲಾಕ್ಸೋನ್ ಅನ್ನುವ ಔಷಧಿ ಕೊಟ್ಟರು. ಅಫೀಮಿನ ಜಾತಿಯ ರಾಸಾಯನಿಕಗಳನ್ನು ಅದು ತಡೆಯುತ್ತದೆ. ಕೊಟ್ಟಾಗ ಅವರ ನೋವು ಮತ್ತೆ ಏರಿತು. ಅಂದರೆ ನಂಬಿಕೆಯಿಂದ ನೋವು ಇಳಿದಾಗ ನಮ್ಮ ದೇಹವೇ ತನ್ನೊಳಗಿನ ನೋವು ನಿವಾರಕವನ್ನು ಬಿಡುಗಡೆ ಮಾಡಿರುತ್ತದೆ ಅನ್ನೋದಕ್ಕೆ ಅದು ದೊಡ್ಡ ಸುಳಿವು.

2008ರ ಇನ್ನೊಂದು ಪ್ರಯೋಗ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಐಬಿಎಸ್ ಅಂತ ಕರುಳಿನ ತೊಂದರೆ ಇದ್ದ 262 ಜನ. ಒಂದು ಗುಂಪಿಗೆ "ಕಾಯಿರಿ" ಅಂದರು. ಇನ್ನೊಂದಕ್ಕೆ ನಕಲಿ ಸೂಜಿ, ಜಾಸ್ತಿ ಮಾತಿಲ್ಲ. ಮೂರನೆಯದಕ್ಕೂ ಅದೇ ನಕಲಿ ಸೂಜಿ, ಆದರೆ ಚಿಕಿತ್ಸಕರು ಮುಕ್ಕಾಲು ಗಂಟೆ ಕೂತು ಮಾತಾಡಿದರು. ಏನಾಗುತ್ತಿದೆ, ಇದರಿಂದ ಬದುಕಿಗೆ ಏನು ಕಷ್ಟ ಅಂತ ಕೇಳಿಸಿಕೊಂಡರು, ಧೈರ್ಯ ಹೇಳಿದರು. ಮೂರು ವಾರಕ್ಕೆ ಸಾಕಷ್ಟು ಆರಾಮ ಸಿಕ್ಕಿತು ಅಂದವರು ಮೊದಲ ಗುಂಪಿನಲ್ಲಿ ಶೇ. 28, ಎರಡನೆಯದರಲ್ಲಿ ಶೇ. 44, ಮೂರನೆಯದರಲ್ಲಿ ಶೇ. 62. ಎರಡಕ್ಕೂ ಮೂರಕ್ಕೂ ಇರುವ ಅಂತರ ಸೂಜಿಯದ್ದಲ್ಲ, ಕೇಳಿಸಿಕೊಂಡಿದ್ದರದ್ದು. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ಯಾವುದೇ ಆಸ್ಪತ್ರೆಯ ಬಾಗಿಲಿಗೆ ಈ ಅಂಕಿಗಳನ್ನು ಅಂಟಿಸಬೇಕು ಅಂತ ನನಗೆ ಆಸೆ.

ಆದರೆ ಇದರ ಪಕ್ಕದಲ್ಲೇ 2011ರ ಉಬ್ಬಸದ ಪ್ರಯೋಗವನ್ನೂ ಇಟ್ಟು ಓದಬೇಕು. ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ದಿನ ನಾಲ್ಕು ಬಗೆ ಮಾಡಿದರು: ಅಸಲಿ ಔಷಧಿಯ ಇನ್‌ಹೇಲರ್, ಔಷಧಿಯಿಲ್ಲದ ಇನ್‌ಹೇಲರ್, ನಕಲಿ ಅಕ್ಯುಪಂಕ್ಚರ್, ಏನೂ ಇಲ್ಲ. ಆಮೇಲೆ "ಹೇಗನ್ನಿಸುತ್ತಿದೆ" ಅಂತ ಕೇಳಿದರು. ಅಸಲಿ ಇನ್‌ಹೇಲರ್‌ನಿಂದ ಶೇ. 50ರಷ್ಟು ಸುಧಾರಿಸಿತು ಅಂದರು. ನಕಲಿ ಇನ್‌ಹೇಲರ್‌ಗೆ ಶೇ. 45, ನಕಲಿ ಸೂಜಿಗೆ ಶೇ. 46. ಏನೂ ಕೊಡದಾಗ ಶೇ. 21. ಅಸಲಿಗೂ ನಕಲಿಗೂ ವ್ಯತ್ಯಾಸವೇ ಇಲ್ಲ ಅನ್ನಬೇಕು. ಆದರೆ ಪ್ರತಿ ಸಲವೂ ಯಂತ್ರಕ್ಕೆ ಊದಿಸಿ ಉಸಿರಿನ ಬಲವನ್ನೂ ಅಳೆದಿದ್ದರು. ಅಸಲಿ ಔಷಧಿಯಿಂದ ಅದು ಶೇ. 20ರಷ್ಟು ಏರಿತ್ತು. ಉಳಿದ ಮೂರರಲ್ಲೂ ಸುಮಾರು ಶೇ. 7 ಅಷ್ಟೇ. ನಕಲಿ ಚಿಕಿತ್ಸೆಯಿಂದ ಆರಾಮ ಅನ್ನಿಸಿತ್ತು, ಶ್ವಾಸನಾಳ ಮಾತ್ರ ತೆರೆದುಕೊಂಡಿರಲಿಲ್ಲ.

ಈ ಪ್ರಯೋಗದ ಮುಂದೆ ನಾನು ಪ್ರತಿಸಲ ನಿಂತುಬಿಡುತ್ತೇನೆ. ಸೊಂಟನೋವಿನಲ್ಲಿ ನಮಗೆ ಏನನ್ನಿಸುತ್ತದೆ ಅನ್ನೋದೇ ಕಾಯಿಲೆಯ ಬಹುಪಾಲು. ಅಲ್ಲಿ ಅನ್ನಿಸಿಕೆ ಬದಲಾದರೆ ಬದುಕೇ ಹಗುರ. ಉಬ್ಬಸದಲ್ಲಿ ಹಾಗಲ್ಲ. ಆರಾಮ ಅನ್ನಿಸಿ ಸುಮ್ನಿದ್ದರೆ ಪ್ರಾಣಕ್ಕೇ ಅಪಾಯ. ಕ್ಯಾನ್ಸರಿನಲ್ಲಿ ಇನ್ನೂ ಸ್ಪಷ್ಟ. ದೇಹದ ಬೇರೆ ಕಡೆಗೆ ಹರಡದ ಕ್ಯಾನ್ಸರ್ ಇದ್ದೂ ಬರೀ ಬದಲಿ ಚಿಕಿತ್ಸೆ ಆರಿಸಿಕೊಂಡ 281 ಜನರನ್ನು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಎಂದಿನ ಚಿಕಿತ್ಸೆ ಪಡೆದ ಅಂಥವರೇ ಬೇರೆ ರೋಗಿಗಳ ಜೊತೆ ಹೋಲಿಸಿ 2018ರಲ್ಲಿ ಪ್ರಕಟಿಸಿದರು. ಸಾವಿನ ಅಪಾಯ ಎರಡೂವರೆ ಪಟ್ಟು ಜಾಸ್ತಿ ಇತ್ತು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮೀರಿ. "ಬದಲಿ" ಅನ್ನುವ ಪದವನ್ನು ಆ ಕೇಂದ್ರದ ಹೆಸರಿನಿಂದ ಕೈಬಿಟ್ಟದ್ದು ಎಷ್ಟು ಸರಿ ಅನ್ನೋದು ಇಲ್ಲಿ ಗೊತ್ತಾಗುತ್ತದೆ. ಕೀಮೋಥೆರಪಿಯ ಜೊತೆಗೆ ನಿದ್ದೆಗೂ ಸುಸ್ತಿಗೂ ಅಂತ ಯೋಗ ಮಾಡೋದು ಒಂದು. ಕೀಮೋಥೆರಪಿ ಬಿಟ್ಟು ಯೋಗ ಮಾಡೋದು ಬೇರೆಯೇ.

ಗಿಡಮೂಲಿಕೆಗಳ ಕಥೆ ಬೇರೆ ದಾರಿಯದ್ದು. ಕ್ಯಾಪ್ಸೂಲನ್ನು ನಕಲಿ ಮಾಡೋದು ಸುಲಭವಾದ್ದರಿಂದ ಇಲ್ಲಿ ಉತ್ತರವೂ ನೇರವಾಗಿ ಸಿಗುತ್ತದೆ, ಬಹಳ ಸಲ ನಿರಾಸೆಯ ಉತ್ತರ. ನೆನಪಿನ ಶಕ್ತಿಗೆ ಅಂತ ಹೆಸರಾದ ಗಿಂಕೊ ಎಲೆಯ ಸಾರವನ್ನು 75 ವರ್ಷ ದಾಟಿದ 3069 ಜನರ ಮೇಲೆ ಸುಮಾರು ಆರು ವರ್ಷ ಪರೀಕ್ಷಿಸಿದರು. ಮರೆವಿನ ಕಾಯಿಲೆಯನ್ನು ಅದು ತಡೆಯಲಿಲ್ಲ ಅಂತ 2008ರಲ್ಲಿ ತಿಳಿಯಿತು. ಗೆದ್ದ ಗಿಡವೂ ಇದೆ. ಮಾಚಿಪತ್ರೆಯ ಜಾತಿಯ ಒಂದು ಗಿಡ ಜ್ವರಕ್ಕೆ ಒಳ್ಳೆಯದು ಅಂತ ಚೀನಾದ ಸುಮಾರು 1600 ವರ್ಷ ಹಳೆಯ ಗ್ರಂಥದಲ್ಲಿತ್ತು. ಕಷಾಯದ ಹಾಗೆ ಕುದಿಸದೆ, ನೀರಲ್ಲಿ ನೆನೆಸಿ ಹಿಂಡಿ ಕುಡಿಯಬೇಕು ಅಂತ ಬರೆದಿದ್ದನ್ನು ಚೀನಾದ ವಿಜ್ಞಾನಿ ಟು ಯೂಯೂ ಗಮನಿಸಿದರು. ಬಿಸಿಗೆ ಸಾರ ಕೆಡುತ್ತಿರಬಹುದು ಅಂತ ಊಹಿಸಿ, ಕಡಿಮೆ ಬಿಸಿಯಲ್ಲಿ ಈಥರ್ ಬಳಸಿ ಸಾರ ತೆಗೆದರು. ಮಲೇರಿಯಾಗೆ ಆರ್ಟೆಮಿಸಿನಿನ್ ಸಿಕ್ಕಿದ್ದು ಹಾಗೆ. 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಳೇ ಗ್ರಂಥ ಸುಳಿವು ಕೊಟ್ಟಿತು, ಪ್ರಯೋಗ ಅದನ್ನು ಔಷಧಿ ಮಾಡಿತು.

ಈಗ ಕಷ್ಟದ ಭಾಗಕ್ಕೆ ಬರೋಣ. ಮೇಲಿನ ಎಲ್ಲ ಪ್ರಯೋಗಗಳಲ್ಲೂ ಒಂದು ಚಿಕಿತ್ಸೆ, ಒಂದು ಕಾಯಿಲೆ. ಆದರೆ ಬದುಕಿನಲ್ಲಿ ಕಾಯಿಲೆಗಳು ಒಂದೊಂದಾಗಿ ಬರಲ್ಲ. ಮಂಡಿ ನೋಯುತ್ತದೆ, ಹಾಗಾಗಿ ರಾತ್ರಿ ನಿದ್ದೆ ಬರಲ್ಲ. ನಿದ್ದೆಗೆಟ್ಟ ದೇಹಕ್ಕೆ ಅದೇ ನೋವು ಇನ್ನೂ ಜಾಸ್ತಿ ಅನ್ನಿಸುತ್ತದೆ. ನಡೆಯೋದು ಕಮ್ಮಿಯಾಗಿ ತೂಕ ಏರುತ್ತದೆ, ತೂಕ ಮತ್ತೆ ಮಂಡಿಗೇ ಭಾರ. ಮನಸ್ಸು ಕುಗ್ಗುತ್ತದೆ, ಮನೆಯಿಂದ ಹೊರಗೆ ಹೋಗೋದೇ ಬೇಡ ಅನ್ನಿಸುತ್ತದೆ. ಮಂಡಿಗೊಬ್ಬ ಡಾಕ್ಟರು, ನಿದ್ದೆಗೆ ಇನ್ನೊಬ್ಬರು, ಮನಸ್ಸಿಗೆ ಮತ್ತೊಬ್ಬರು. ಈ ಸುತ್ತನ್ನು ಇಡಿಯಾಗಿ ನೋಡುವವರು ಯಾರು? ಇಡೀ ಮನುಷ್ಯನ ಆರೋಗ್ಯ ಅಂದರೆ ಇದೇ. ಸುತ್ತನ್ನು ಎಲ್ಲಿ ತುಂಡರಿಸಿದರೂ ಉಳಿದ ಕಡೆಗಳಲ್ಲಿ ಸಡಿಲ ಆಗಬಹುದು. ಎರಡು ಮೂರು ಕಡೆ ಒಟ್ಟಿಗೆ ಕೈ ಹಾಕಿದರೆ ಇನ್ನೂ ಒಳ್ಳೆಯದಿರಬಹುದು.

ಇದನ್ನು ಪರೀಕ್ಷಿಸಲೂ ಆಗುತ್ತದೆ. ಫಿನ್ಲೆಂಡಿನ ಫಿಂಗರ್ ಅನ್ನುವ ಪ್ರಯೋಗದಲ್ಲಿ 60ರಿಂದ 77 ವರ್ಷದ 1260 ಜನರಲ್ಲಿ ಅರ್ಧದಷ್ಟು ಜನಕ್ಕೆ ಎರಡು ವರ್ಷ ಊಟದ ಮಾರ್ಗದರ್ಶನ, ವ್ಯಾಯಾಮ, ಮೆದುಳಿನ ಕಸರತ್ತು, ಬಿಪಿ ಮುಂತಾದವುಗಳ ತಪಾಸಣೆ ಎಲ್ಲವನ್ನೂ ಒಟ್ಟಿಗೆ ಕೊಟ್ಟರು. ಉಳಿದವರಿಗೆ ಸಾಮಾನ್ಯ ಆರೋಗ್ಯ ಸಲಹೆ. 2015ರ ಫಲಿತಾಂಶದ ಪ್ರಕಾರ ನೆನಪು ಮತ್ತು ಯೋಚನೆಯ ಪರೀಕ್ಷೆಗಳಲ್ಲಿ ಮೊದಲ ಗುಂಪಿನ ಸುಧಾರಣೆ ಶೇ. 25ರಷ್ಟು ಜಾಸ್ತಿ. ಸರಿ, ನಾಲ್ಕರಲ್ಲಿ ಕೆಲಸ ಮಾಡಿದ್ದು ಯಾವುದು? ಈ ಪ್ರಯೋಗದಿಂದ ಅದನ್ನು ಹೇಳೋಕೆ ಆಗಲ್ಲ. ಸಾಂಬಾರು ರುಚಿಯಾಗಿದೆ ಅಂದಾಗ ಯಾವ ಮಸಾಲೆಯಿಂದ ಅಂತ ಕೇಳಿದ ಹಾಗೆ.

ಹಾಗೂ ಬಿಡಿಸಲೇಬೇಕು ಅಂದರೆ ಒಂದು ಜಾಣ ದಾರಿ ಇದೆ. ನಾಲ್ಕು ಅಂಶಗಳಲ್ಲಿ ಒಂದೊಂದೂ ಇರಬಹುದು, ಇಲ್ಲದಿರಬಹುದು. ಎಲ್ಲ ಜೋಡಣೆಗಳನ್ನೂ ಲೆಕ್ಕ ಹಾಕಿದರೆ 16 ಗುಂಪು. ಅಬ್ಬಾ, ಇದಕ್ಕೆ ಎಷ್ಟು ಸಾವಿರ ಜನ ಬೇಕಪ್ಪಾ ಅನ್ನಿಸುತ್ತದೆ. ಆದರೆ ಗಮನಿಸಿ, ವ್ಯಾಯಾಮ ಇದ್ದವರು 8 ಗುಂಪಿನಲ್ಲಿ, ಇಲ್ಲದವರು 8 ಗುಂಪಿನಲ್ಲಿ. ಊಟದ ಮಾರ್ಗದರ್ಶನಕ್ಕೂ ಹಾಗೇ. ಪ್ರತಿಯೊಂದು ಅಂಶದ ಲೆಕ್ಕಕ್ಕೂ ಅಷ್ಟೂ ಜನ ಒದಗುತ್ತಾರೆ. ಒಬ್ಬರೇ ನಾಲ್ಕು ಪ್ರಯೋಗಕ್ಕೆ ಕೂತ ಹಾಗಾಗುತ್ತದೆ. ಯಾವ ಎರಡು ಸೇರಿದಾಗ ಒಂದಕ್ಕೊಂದು ಬಲ ಕೊಡುತ್ತವೆ ಅನ್ನೋದನ್ನೂ ನೋಡಬಹುದು, ಅದಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಜನ ಬೇಕು.

ಫಿಂಗರ್ ಮಾದರಿಯಲ್ಲೇ ಅಮೆರಿಕದಲ್ಲಿ ನಡೆದ ಪಾಯಿಂಟರ್ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. 2111 ಜನ, ಎರಡು ವರ್ಷ. ಒಂದು ಗುಂಪು 38 ಸಲ ಸೇರಿ, ಗುರಿ ಹಾಕಿಕೊಂಡು, ಮಾರ್ಗದರ್ಶಕರ ಕಣ್ಣಳತೆಯಲ್ಲಿ ನಡೆಯಿತು. ಇನ್ನೊಂದು 6 ಸಲ ಸೇರಿ, ಉಳಿದದ್ದನ್ನು ತಮಗೆ ಆದಂತೆ ಮಾಡಿಕೊಂಡಿತು. ಎರಡೂ ಗುಂಪಿಗೆ ಸುಧಾರಿಸಿತು, ಮೊದಲನೆಯದಕ್ಕೆ ಸ್ವಲ್ಪ ಜಾಸ್ತಿ. ಇಲ್ಲೂ ಅದೇ ಪ್ರಶ್ನೆ ಎದುರಿಗೆ ಬಂತು. ಏನೂ ಮಾಡದ ಮೂರನೇ ಗುಂಪು ಇರಲಿಲ್ಲವಾದ್ದರಿಂದ, ತಮಗೆ ಆದಂತೆ ಮಾಡಿದವರ ಸುಧಾರಣೆ ನಿಜಕ್ಕೂ ಎಷ್ಟು ದೊಡ್ಡದು ಅಂತ ಅಳೆಯೋಕೆ ಪಕ್ಕದಲ್ಲಿ ಏನೂ ಇಲ್ಲ.

ಕೊನೆಗೊಂದು, ಇವತ್ತೇ ಬಳಕೆಗೆ ಬರುವ ಮಾತು. 1990ರಲ್ಲಿ ಅಮೆರಿಕದಲ್ಲಿ ಮಾಡಿದ ಸಮೀಕ್ಷೆಯಲ್ಲಿ ಮೂವರಲ್ಲಿ ಒಬ್ಬರು ಒಂದಲ್ಲ ಒಂದು ಪೂರಕ ಅಥವಾ ಬದಲಿ ಚಿಕಿತ್ಸೆ ಬಳಸಿದ್ದರು. ಅವರಲ್ಲಿ ಶೇ. 72 ಜನ ತಮ್ಮ ಡಾಕ್ಟರಿಗೆ ಅದನ್ನು ಹೇಳಿರಲಿಲ್ಲ. ಬೈತಾರೆ ಅಂತ ಹೆದರಿಕೆಯೋ, ಕೇಳಲಿಲ್ಲವಲ್ಲ ಅಂತಲೋ, ಗಿಡದ್ದು ತಾನೇ, ಏನಾಗುತ್ತೆ ಅಂತಲೋ. ಏನಾಗುತ್ತೆ ಅನ್ನೋದಕ್ಕೆ ಸೇಂಟ್ ಜಾನ್ಸ್ ವರ್ಟ್ ನೋಡಿ. ಮನಸ್ಸಿನ ಕುಗ್ಗುವಿಕೆಗೆ ಅಂತ ಡಾಕ್ಟರ ಚೀಟಿಯಿಲ್ಲದೆ ಹಲವು ದೇಶಗಳಲ್ಲಿ ಮಾರುವ ಗಿಡಮೂಲಿಕೆ. ಬೇರೆ ಔಷಧಿಗಳನ್ನು ಒಡೆದು ಹೊರಹಾಕುವ ಕಿಣ್ವಗಳನ್ನು ಇದು ಯಕೃತ್ತಿನಲ್ಲೂ ಕರುಳಿನಲ್ಲೂ ಜಾಸ್ತಿ ಮಾಡುತ್ತದೆ. ಎಚ್‌ಐವಿಗೆ ಆಗ ಕೊಡುತ್ತಿದ್ದ ಇಂಡಿನಾವಿರ್ ಅನ್ನುವ ಔಷಧಿಯ ಪ್ರಮಾಣ ರಕ್ತದಲ್ಲಿ ಶೇ. 57ರಷ್ಟು ಇಳಿದದ್ದು 2000ನೇ ಇಸವಿಯಲ್ಲಿ ವರದಿಯಾಯಿತು. ಅದೇ ವರ್ಷ ಹೃದಯ ಕಸಿ ಮಾಡಿಸಿಕೊಂಡಿದ್ದ ಇಬ್ಬರ ವಿಷಯವೂ ಬಂತು. ಇದನ್ನು ಸೇವಿಸುತ್ತಿದ್ದ ಅವರ ರಕ್ತದಲ್ಲಿ ಕಸಿ ಅಂಗವನ್ನು ದೇಹ ತಿರಸ್ಕರಿಸದ ಹಾಗೆ ತಡೆಯುವ ಸೈಕ್ಲೋಸ್ಪೋರಿನ್ ಅನ್ನುವ ಔಷಧಿ ಇಳಿದುಹೋಗಿ, ದೇಹ ಕಸಿ ಹೃದಯವನ್ನೇ ತಿರಸ್ಕರಿಸತೊಡಗಿತ್ತು. ಗರ್ಭನಿರೋಧಕ ಮಾತ್ರೆಯ ಬಲವನ್ನೂ ಇದು ಕುಗ್ಗಿಸುತ್ತದೆ.

ಹಾಗಾಗಿ ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಚೀಟಿ ಬರೆದುಕೊಂಡು ಹೋಗೋದಕ್ಕಿಂತ ಬಾಟಲಿಗಳನ್ನೇ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಪುಡಿ, ಕ್ಯಾಪ್ಸೂಲು, ಎಣ್ಣೆ ಎಲ್ಲವನ್ನೂ. ಬಾಟಲಿಯ ಮುಂಭಾಗದ ದೊಡ್ಡ ಅಕ್ಷರದ ಹೆಸರನ್ನು ನಾವು ನೆನಪಿಟ್ಟುಕೊಂಡಿರುತ್ತೇವೆ. ಡಾಕ್ಟರಿಗೆ ಬೇಕಾಗಿರೋದು ಹಿಂದಿನ ಲೇಬಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಪಟ್ಟಿ.